ಅಲೆಗೊ ಮಗಳ ಒಲೆ

ನಕುರು, ರೈಲ್ವೆ ವಸತಿ
23 ಏಪ್ರಿಲ್ 1989

ಅವಿತಿ,

ನಾನು ಬಂದು ಸೇರಿದೆ. ಈ ಅಕ್ಷರ ನನ್ನದಲ್ಲ, ಪಕ್ಕದ ಕೋಣೆಯ ನ್ಯಾಂಬುರಳದು. ನನ್ನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಕೂರಿಸಿದ್ದಾರೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಹೊರಗಿನವಳ ಕೈಯಲ್ಲಿ ಮನೆಯ ಮಾತು ಬರೆಸುವುದು ಚೆಂದವಲ್ಲ, ಹಾಗಾಗಿ ಈ ಸಲ ನೀನು ಬೈಗುಳದಿಂದ ಬಚಾವಾದೆ.

ಪೊರೆ ತೆಗೆದ ಡಾಕ್ಟರು ತಮಾಷೆಯ ಮನುಷ್ಯ. "ಏನಮ್ಮಾ, ಎಷ್ಟು ವರ್ಷದಿಂದ ಒಲೆ ಊದ್ತಿದ್ದೀಯ?" ಎಂದ. "ಮದ್ವೆ ಆದಾಗ್ನಿಂದ," ಎಂದೆ. "ಯಜಮಾನ್ರು ಎಷ್ಟು ವರ್ಷದಿಂದ ಊದ್ತಿದ್ದಾರೆ?" ಎಂದು ಕೇಳಿ ತಾನೇ ನಕ್ಕ. ಯಜಮಾನರು ಅಲ್ಲೇ ನಿಂತಿದ್ದರು, ನಗಲಿಲ್ಲ. ಇಪ್ಪತ್ತೈದು ವರ್ಷದ ಹೊಗೆ ಕಣ್ಣಲ್ಲಿ ಕೂತಿದೆಯಂತೆ. ಸೌದೆ ಸುಟ್ಟದ್ದು ನಾನು, ಬೆಂದದ್ದೂ ನಾನೇ.

ನೀನು ಕಿರಿಯ ಹೆಂಡತಿಯಾಗಿ ನಮ್ಮ ಮನೆಗೆ ಬಂದು ಎಂಟು ವರ್ಷವಾಯಿತು. ಒಂದೇ ಸಮನೆ ಇಷ್ಟು ದಿನ ಯಜಮಾನರ ಈ ರೈಲ್ವೆ ಕೋಣೆಯಲ್ಲಿ ನಾನೂ ಇರಲಿಲ್ಲ, ನೀನೂ ಇರಲಿಲ್ಲ. ಕಣ್ಣು ಕೆಟ್ಟದ್ದರಿಂದ ನನಗೆ ಈ ಭಾಗ್ಯ. ಹೊಟ್ಟೆ ಉರಿದುಕೊಳ್ಳಬೇಡ.

ಮಡಕೆ ಕೆಲಸ ನಿಲ್ಲಿಸಬೇಡ. ಮಣ್ಣು ನಾನು ತೋರಿಸಿದ ಹೊಂಡದ್ದೇ ಆಗಬೇಕು, ಮರಳು ನಾನು ಹೇಳಿದಷ್ಟೇ. ಹೊಸದೇನನ್ನೂ ಮಾಡಲು ಹೋಗಬೇಡ. ಸಂತೆಯಲ್ಲಿ ಯಾರಾದರೂ "ಸೆಮೆಯ ಮಗಳ ಮಡಕೆ ಎಲ್ಲಿ?" ಎಂದರೆ "ಇವೇ" ಎಂದು ಹೇಳು. ನನ್ನ ತವರೂರಿನ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅತ್ತೆಯ ಅಂಬಲಿ ಬಿಸಿಯಾಗಿರಲಿ. ನಿನ್ನ ಮಗಳು ಅದೆರೊಗೆ ಎರಡು ಮುತ್ತು ಕೊಡು, ಒಂದು ಅವಳ ಅಪ್ಪನದು.

ನಿನ್ನ ಹಿರಿಯಳು,
ಅಗೋಲಾ, ಸೆಮೆಯ ಮಗಳು


ಕೊಡೆರೊ
14 ಮೇ 1989

ಅಗೋಲಾ ಅಕ್ಕನಿಗೆ ಅವಿತಿ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಸ್ಸಿನ ಕಂಡಕ್ಟರ್ ಕೈಯಿಂದ ಬಂತು. ಮೂರು ದಿನ ಅವನ ಜೇಬಿನಲ್ಲೇ ಇತ್ತಂತೆ, ಮೀನಿನ ವಾಸನೆ ಹೊಡೆಯುತ್ತಿತ್ತು. ನಿಮ್ಮ ಕಣ್ಣಿಗೆ ಬೇಗ ಬೆಳಕು ಬರಲಿ ಎಂದು ನಾನೂ ಅತ್ತೆಯೂ ಬೇಡಿಕೊಳ್ಳುತ್ತಿದ್ದೇವೆ.

ಇಲ್ಲಿ ಒಂದು ದೊಡ್ಡ ಸುದ್ದಿ ಇದೆ. ಕಿಸುಮುವಿನಿಂದ ಒಲೆ ಯೋಜನೆಯವರು ಜೀಪಿನಲ್ಲಿ ಬಂದರು. ಅವರ ಮುಖ್ಯಸ್ಥೆ ಪ್ಯಾಂಟು ಹಾಕಿಕೊಂಡಿದ್ದಳು. ಅತ್ತೆ ಅವಳ ಸುತ್ತ ಒಂದು ಸುತ್ತು ಬಂದು ನೋಡಿ, "ಹೆಣ್ಣೇ ಕಣೇ ಇದು," ಎಂದರು. ಈಗ ಎಲ್ಲರೂ ಅವಳನ್ನು ಒಲೆಯಮ್ಮ ಎನ್ನುತ್ತಾರೆ. ಅವಳು ತಂದ ಅಚ್ಚು ನೋಡಿದರೆ ನಿಮಗೆ ನಗು ಬರುತ್ತಿತ್ತು. ತಳವಿಲ್ಲದ ಮಡಕೆಯ ಹಾಗಿದೆ, ಒಂದು ಕಡೆ ಸೌದೆ ತೂರಿಸಲು ಬಾಯಿ, ಮೇಲೆ ಪಾತ್ರೆ ಕೂರಲು ಮೂರು ಉಬ್ಬು. ಅದರಲ್ಲಿ ಮಣ್ಣು ಒತ್ತಿ ತೆಗೆದ ಒಲೆಯನ್ನು ಸುಟ್ಟು ಅಡುಗೆ ಮನೆಯ ನೆಲದಲ್ಲಿ ಹೂತು ಸುತ್ತ ಕೆಸರು ಮೆತ್ತಬೇಕು. ಅರ್ಧ ಸೌದೆ ಸಾಕು, ಹೊಗೆ ಇಲ್ಲವೆನ್ನುವಷ್ಟು ಕಡಿಮೆ.

ಆದರೆ ಮೂರು ಊರಿನ ಕುಂಬಾರತಿಯರು ಮಾಡಿದ್ದೆಲ್ಲ ಬಿರುಕು ಬಿಟ್ಟವು. ನಾನೂ ನೀವು ಹೇಳಿದಂತೆ ನದಿ ಮರಳನ್ನೇ ಬೆರೆಸಿದ್ದೆ. ಇಪ್ಪತ್ತರಲ್ಲಿ ಹತ್ತೊಂಬತ್ತು ಹೋದವು. ನೀರಿನ ಮಡಕೆಗೆ ಆ ಮರಳು ಸರಿ, ದಿನಕ್ಕೆ ಮೂರು ಸಲ ಬೆಂಕಿ ತಿನ್ನುವುದಕ್ಕೆ ಆಗುವುದಿಲ್ಲ. ಒಲೆಯಮ್ಮ ಅಚ್ಚನ್ನು ಜೀಪಿಗೆ ಹಾಕಿಕೊಂಡು ಹೊರಟೇಬಿಟ್ಟಿದ್ದಳು. ನಾನು ಅಡ್ಡ ನಿಂತು ಎರಡು ವಾರ ಕೊಡಿ ಎಂದೆ. ಮನೆ ಹಿಂದೆ ಒಡೆದ ಮಡಕೆಗಳ ರಾಶಿ ಇದೆಯಲ್ಲ, ಅದನ್ನು ಕುಟ್ಟಿ ಪುಡಿ ಮಾಡಿ, ಒಮೆನಾ ಮೀನು ಹಿಡಿಯುವ ಸಣ್ಣ ಕಣ್ಣಿನ ಬಲೆಯ ತುಂಡಿನಲ್ಲಿ ಜರಡಿ ಹಿಡಿದು ಮಣ್ಣಿಗೆ ಬೆರೆಸಿದೆ. ಮೊದಲು ಹೆಚ್ಚಾಯಿತು, ಆಮೇಲೆ ಕಡಿಮೆಯಾಯಿತು. ನಾಲ್ಕನೇ ಸಲ ಇಪ್ಪತ್ತು ಸುಟ್ಟೆ, ಒಂದೇ ಒಂದು ಒಡೆಯಿತು. ಒಲೆಯಮ್ಮ ನನ್ನನ್ನು ಎತ್ತಿ ತಿರುಗಿಸಿಬಿಟ್ಟಳು ಅಕ್ಕ!

ಊರಿನ ಹದಿನಾರು ಮನೆಗೆ ಒಲೆ ಕೂತಿದೆ. ನಮ್ಮ ಅಂಗಳದ ಎರಡು ಮನೆ, ನಿಮ್ಮದರಲ್ಲೂ ನನ್ನದರಲ್ಲೂ ಕೂರಿಸಿದ್ದೇನೆ, ಹಚ್ಚಿಲ್ಲ. ಅತ್ತೆ ಹೇಳಿದರು, "ಒಲೆ ಅಂದ್ರೆ ಒಲೆ ಕಣೇ. ಬಿತ್ತೋದಾಗ್ಲಿ ಹಚ್ಚೋದಾಗ್ಲಿ, ದೊಡ್ಡೋಳು ಮಾಡ್ದೆ ಚಿಕ್ಕೋಳು ಮಾಡೋ ಹಾಗಿಲ್ಲ." ಸರಿ ಎಂದು ನಾನು ಮೂರು ಕಲ್ಲಿನ ಮೇಲೆಯೇ ಬೇಯಿಸುತ್ತಿದ್ದೇನೆ. ಹೊಗೆಗೆ ಅದೆರೊ ಸ್ವಲ್ಪ ಕೆಮ್ಮುತ್ತಾಳೆ, ಮಳೆಯ ಶೀತವೂ ಇರಬೇಕು.

ಪಟ್ಟಿ ಯಾವಾಗ ಬಿಚ್ಚುತ್ತಾರೆ? ನೀವು ಬಂದು ನಿಮ್ಮ ಒಲೆ ಹಚ್ಚಿದ ಮರುಗಳಿಗೆ ನಾನು ನನ್ನದನ್ನು ಹಚ್ಚುತ್ತೇನೆ.

ಬಾಗಿಲು ಕಾಯುತ್ತಿರುವ,
ಅವಿತಿ


ನಕುರು
4 ಜೂನ್ 1989

ಅವಿತಿ,

ಈ ಸಲವೂ ನ್ಯಾಂಬುರಳೇ ಬರೆಯುತ್ತಿದ್ದಾಳೆ. ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಕೊಟ್ಟಿದ್ದಾರೆ. ಆದರೂ ಎಲ್ಲ ಮಂಜು ಮಂಜು. ಎರಡು ತಿಂಗಳು ಬೆಂಕಿಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ಒಲೆ ಹಚ್ಚಲು ಈಗ ಬರುವುದು ಹೇಗೆ?

ಒಡೆದ ಮಡಕೆಯ ಪುಡಿ ಏನೂ ಹೊಸದಲ್ಲ. ನಮ್ಮ ಅಜ್ಜಿಯ ಕಾಲದಿಂದಲೂ ಇದೆ. ಆ ಮಡಕೆಗಳೂ ನನ್ನವೇ, ಹೊಂಡವೂ ನಾನು ತೋರಿಸಿದ್ದೇ, ಮಣ್ಣು ತುಳಿಯಲು ನಿನಗೆ ಕಲಿಸಿದವಳೂ ನಾನೇ. ನೀನು ಈ ಮನೆಗೆ ಬಂದಾಗ ನಿನ್ನ ಕೈಯಲ್ಲಿ ಒಂದು ಮುಚ್ಚಳವೂ ನೆಟ್ಟಗೆ ಬರುತ್ತಿರಲಿಲ್ಲ. ಒಲೆಯಮ್ಮನಿಗೆ ಇದನ್ನೆಲ್ಲ ಹೇಳಿದೆಯಾ? ನನ್ನ ಹೆಸರು ಹೇಳಿದೆಯಾ? ನೀನು ಎರಡು ಪುಟ ಬರೆದಿದ್ದೀಯ, ಅದರಲ್ಲಿ ಎಲ್ಲೂ ಆ ಮಾತಿಲ್ಲ.

ಮಗುವಿನ ಎದೆಗೆ ಎಣ್ಣೆ ಹಚ್ಚು.

ಅಗೋಲಾ


ಕೊಡೆರೊ
2 ಜುಲೈ 1989

ಅಕ್ಕನಿಗೆ,

ನಿಮ್ಮ ಹೆಸರನ್ನು ನಾನು ಮೊದಲ ದಿನವೇ ಹೇಳಿದ್ದೆ. ಒಲೆಯಮ್ಮ ತನ್ನ ಪುಸ್ತಕದಲ್ಲಿ ಬರೆದುಕೊಂಡಳು, "ಕಲಿಸಿದವರು ಅಗೋಲಾ" ಎಂದು. ಆದರೆ ಸಂತೆಯ ಬಾಯಿಗೆ ಯಾರು ಬಟ್ಟೆ ತುರುಕುತ್ತಾರೆ? ನಾನು ಅಲೆಗೊ ಕಡೆಯವಳು ಎಂದು ಅವರೇ "ಅಲೆಗೊ ಮಗಳ ಒಲೆ" ಎಂದು ಕರೆಯಲು ಶುರುಮಾಡಿದರು. ಸರೋವರದ ಆಚೆ ದಡದಿಂದಲೂ ದೋಣಿಯಲ್ಲಿ ಬಂದು ಒಯ್ಯುತ್ತಾರೆ. ಶಾಲೆಗೆ ಎರಡು ಹೋದವು. ಮಿಷನ್ ಆಸ್ಪತ್ರೆಯ ಅಡುಗೆ ಮನೆಗೆ ದೊಡ್ಡ ಅಳತೆಯ ಆರು ಮಾಡಿಕೊಟ್ಟೆ. ಅಲ್ಲಿಯ ಅಡುಗೆಯಾಕೆ ಕಣ್ಣೀರಿಲ್ಲದೆ ಅಡುಗೆ ಮಾಡಿದ್ದು ಇದೇ ಮೊದಲು ಎಂದು ಹೇಳುತ್ತಾ ಅತ್ತೇಬಿಟ್ಟಳು.

ಅಜ್ಜಿಯ ಕಾಲದ್ದು ಎಂದು ಬರೆದಿದ್ದೀರಿ. ನನಗೆ ನೆನಪಿರುವುದು ಬೇರೆ. ನಾನು ಬಂದ ಎರಡನೇ ವರ್ಷ ಮಣ್ಣಿಗೆ ಒಡಕು ಮಡಕೆಯ ಪುಡಿ ಹಾಕಿದ್ದಕ್ಕೆ ಕೈ ಮೇಲೆ ಹೊಡೆದಿರಿ. "ಸತ್ತ ಮಡಕೇನ ಹಸಿ ಮಣ್ಣಿಗೆ ಬೆರೆಸ್ತೀಯೇನೇ, ದರಿದ್ರದೋಳೆ!" ಎಂದಿರಿ. ಇರಲಿ, ನಿಮಗೆ ಮರೆತಿರಬಹುದು.

ಹದಿನಾರನೇ ತಾರೀಕು ಭಾನುವಾರ ಸಂಜೆ ಕಿಸುಮು ರೇಡಿಯೊದಲ್ಲಿ ನನ್ನ ಮಾತು ಬರುತ್ತದೆ. ದನಿ ಹಿಡಿಯುವ ಪೆಟ್ಟಿಗೆ ತಂದು ಮುಖಕ್ಕೆ ಹಿಡಿದು ಮಾತಾಡಿಸಿದರು. ಯಜಮಾನರಿಗೂ ಕೇಳಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದೆರೊ ಕೆಮ್ಮು ಹೆಚ್ಚಾಗಿದೆ. ಹೊರಗೆ ಬೇಯಿಸೋಣವೆಂದರೆ ದಿನವೂ ಮಳೆ. ಒಳಗೆ ಮೂರು ಕಲ್ಲಿನ ಹೊಗೆ, ಬಾಗಿಲ ಹತ್ತಿರ ಕೂರಿಸಿದರೂ ತೆವಳಿಕೊಂಡು ನನ್ನ ಸೆರಗಿಗೇ ಬರುತ್ತಾಳೆ. ರಾಗಿ ಕೊಯ್ಲಿಗೆ ನಿಮ್ಮ ಬದಲು ಅತ್ತೆಯೇ ನಿಮ್ಮ ಹೊಲದ ಮೊದಲ ತೆನೆ ಕೊಯ್ದರು. ಹಾಗೇ ಒಲೆಯನ್ನೂ ಹಚ್ಚಿಬಿಡಿ ಎಂದು ಕಾಲು ಹಿಡಿದೆ. "ಹೊಲ ನನ್ನ ಮಗ ಒಗಾಲೊಂದು, ನಾನು ಕೊಯ್ಬೋದು. ಒಲೆ ಹೆಂಡ್ತೀದು. ಅದ್ರಲ್ಲಿ ನಂಗೇನು ಕೆಲ್ಸ?" ಎಂದರು. ಆಮೇಲೆ ಒಂದು ದಾರಿ ಹೇಳಿದರು. ನಿಮಗೆ ಬರಲಾಗದಿದ್ದರೆ ನಿಮ್ಮ ಕೈಯಿಂದ ಒಂದು ಬೆಂಕಿಪೊಟ್ಟಣ ಕಳಿಸಿದರೆ ಸಾಕಂತೆ, ಜೊತೆಗೆ "ಹಚ್ಚು" ಎಂದು ಒಂದು ಮಾತು.

ನಾನು ಯಾಕೆ ಇಷ್ಟು ಹೆದರುತ್ತೇನೆಂದು ನಿಮಗೆ ಗೊತ್ತು. ಐದು ವರ್ಷದ ಹಿಂದೆ ಮಳೆ ನೋಡಿ ಆತುರಪಟ್ಟು ನಿಮಗಿಂತ ಒಂದು ದಿನ ಮೊದಲು ರಾಗಿ ಬಿತ್ತಿದೆ. ಹದಿನಾರನೇ ದಿನ ನನ್ನ ಮಗ ಒವಿನೊ ಹೋದ. ಇನ್ನೊಮ್ಮೆ ನಾನು ನಿಮಗಿಂತ ಮೊದಲು ಏನನ್ನೂ ಮಾಡುವುದಿಲ್ಲ. ನೀರನ್ನೂ ಕುಡಿಯುವುದಿಲ್ಲ.

ಒಂದು ಬೆಂಕಿಪೊಟ್ಟಣ ಕಳಿಸಿ ಅಕ್ಕ.

ನಿಮ್ಮ ಕಿರಿಯಳು,
ಅವಿತಿ


ನಕುರು
23 ಜುಲೈ 1989

ಅವಿತಿ,

ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ. ಇದನ್ನು ನ್ಯಾಂಬುರಳಿಗೆ ಹೇಳಿ ಬರೆಸಿದರೆ ನಾಳೆ ಇಡೀ ವಸತಿಗೆ ಗೊತ್ತಾಗುತ್ತದೆ.

ರೇಡಿಯೊ ಕೇಳಿದೆ. ನಾನು ಮುದ್ದೆ ತಿರುವುತ್ತಿದ್ದೆ. ಯಜಮಾನರು ಕೋಣೆಯ ಬಾಗಿಲು ತೆಗೆದಿಟ್ಟು ರೇಡಿಯೊವನ್ನು ಹೊಸ್ತಿಲ ಮೇಲೆ ತಂದು ಕೂರಿಸಿದ್ದರು, ಎಲ್ಲರಿಗೂ ಕೇಳಲಿ ಎಂದು. ನಿನ್ನ ದನಿ ಬಂದದ್ದೇ ತಡ, ಅವರ ಮುಖದಲ್ಲಿ ಒಂದು ನಗು ಬಂತು. ಹಲ್ಲು ಕಾಣದ ನಗು, ಮೀಸೆಯ ಎಡತುದಿ ಮಾತ್ರ ಮೇಲೇಳುತ್ತದಲ್ಲ, ಅದು. ಆ ನಗುವನ್ನು ನಾನು ನನ್ನ ಮೊದಲ ಮಗಳು ಹುಟ್ಟಿದಾಗ ನೋಡಿದ್ದೆ. ಎರಡನೇ ಮಗಳಿಗೆ ಬರಲಿಲ್ಲ. ಮೂರನೆಯವಳಿಗೂ ಬರಲಿಲ್ಲ.

ಪಕ್ಕದವರೆಲ್ಲ ಬಂದು ನಿಂತರು. "ನನ್ನ ಹೆಂಡ್ತಿ ಕಣ್ರೋ ಅದು," ಎಂದರು ಯಜಮಾನರು. ಗೂಡ್ಸ್ ಗಾರ್ಡ್ ಒಬ್ಬ ನನ್ನ ಕಡೆ ನೋಡಿ, "ಇವ್ರು?" ಎಂದ. "ಇವ್ಳೂನೂವೆ," ಎಂದರು. ಇವ್ಳೂನೂವೆ! ಇಪ್ಪತ್ತೈದು ವರ್ಷ ಬಾಳಿ ನಾನು ಆ ಒಂದು ಮಾತಿಗೆ ಬಂದೆ. ಮುದ್ದೆ ತಳ ಹಿಡಿಯಿತು. ಸೀದ ವಾಸನೆ ಬಂದಾಗ ಅವರು, "ಅವಿತಿ ಒಲೆ ಇದ್ದಿದ್ರೆ ಸೀಯ್ತಿರ್ಲಿಲ್ಲ ನೋಡು," ಎಂದು ಎಲ್ಲರನ್ನೂ ನಗಿಸಿದರು. ಪಾತ್ರೆಯನ್ನು ಅವರ ತಲೆಗೆ ಹಾಕಬೇಕೆನ್ನಿಸಿತು.

ನನಗೆ ಹೊಟ್ಟೆಕಿಚ್ಚು ಅವಿತಿ. ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಜನ ಸವತಿಗೆ ಇಟ್ಟ ಹೆಸರೇ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದು, ಹಿರಿಯರು ತಿಳಿಯದೆ ಇಟ್ಟವರಲ್ಲ. ನೀನು ಬಂದಾಗ ನಿನ್ನ ಹರೆಯಕ್ಕೆ ಉರಿದುಕೊಂಡೆ, ಅದು ಹೋಗುವಂಥದ್ದು, ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನೀನು ಗಂಡು ಹೆತ್ತಾಗ ಉರಿದುಕೊಂಡೆ. ಆಗಲೂ ಮಣ್ಣಿನ ಕೆಲಸ ನನ್ನದು ಎಂಬ ಒಂದು ಧೈರ್ಯವಿತ್ತು. ಸಂತೆಯಲ್ಲಿ ನೀನು ನನ್ನ ಬುಟ್ಟಿ ಹೊರುವವಳು. ಈಗ ಹೇಳು, ನನ್ನದು ಎನ್ನುವುದು ಏನು ಉಳಿಯಿತು?

ಉಳಿದದ್ದು ಒಂದೇ, ನಾನು ಮೊದಲು ಎನ್ನುವುದು. ಅದನ್ನೂ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿ ಬಸ್ಸಿನವನ ಕೈಗೆ ಕೊಡಬೇಕೇ? ಅವನು ದಾರಿಯಲ್ಲಿ ಸಿಗರೇಟು ಹಚ್ಚಿ ಮುಗಿಸಿಯಾನು. ಕಳಿಸುವುದಿಲ್ಲ. ಕಣ್ಣು ಸರಿಯಾದ ಮೇಲೆ ಬರುತ್ತೇನೆ, ಅಲ್ಲಿಯತನಕ ಕಾಯಿ. ಇಡೀ ನಾಡಿಗೆ ಒಲೆ ಕೊಟ್ಟವಳು ನೀನು, ಇನ್ನಷ್ಟು ದಿನ ಮೂರು ಕಲ್ಲಿನಲ್ಲಿ ಬೇಯಿಸಿದರೆ ಸವೆದುಹೋಗುವುದಿಲ್ಲ.

ಅಗೋಲಾ


ಕೊಡೆರೊ
6 ಆಗಸ್ಟ್ 1989

ಅಗೋಲಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲನೇ ಸಲ ಅಳು ಬಂತು. ಎರಡನೇ ಸಲ ಅಕ್ಷರ ನೋಡಿದೆ. ಎಷ್ಟು ದುಂಡಗಿವೆ! ಒಂದು ಸಾಲೂ ಡೊಂಕಿಲ್ಲ. ಕಣ್ಣಲ್ಲಿ ಮಂಜು ತುಂಬಿಕೊಂಡವಳಿಗೆ ಗಂಡನ ಮೀಸೆಯ ಎಡತುದಿ ಎದ್ದದ್ದು ಕಂಡಿತೇ? ಬೆಂಕಿಯ ಹತ್ತಿರ ಸುಳಿಯಬಾರದವಳು ಯಾವ ಬೆಂಕಿಯ ಮೇಲೆ ಮುದ್ದೆ ತಿರುವುತ್ತಿದ್ದೆ?

ಮೂರನೇ ಸಲ ಅತ್ತೆಗೆ ಓದಿ ಹೇಳೋಣವೆಂದುಕೊಂಡೆ. ಹೇಳಲಿಲ್ಲ. ನಿನ್ನ ಮಾನ ಉಳಿಸಲು ಅಲ್ಲ. ನನಗೆ ನಾಚಿಕೆಯಾಯಿತು, ಇಂಥವಳನ್ನೇ ಎಂಟು ವರ್ಷ ಅಕ್ಕ ಎಂದೆನಲ್ಲ ಎಂದು.

ನಿನಗೆ ಮಾತ್ರ ಹೊಟ್ಟೆಕಿಚ್ಚು ಎಂದುಕೊಂಡಿದ್ದೀಯಾ? ನನಗೂ ಇದೆ, ಕೇಳು. ನೀನು ದಿನಾ ಬೆಳಿಗ್ಗೆ ಅವರ ಕೆಮ್ಮು ಕೇಳುತ್ತಾ ಏಳುತ್ತೀಯ. ಅವರ ಅಂಗಿ ಒಗೆಯುತ್ತೀಯ. ನಾನು ಈ ಎಂಟು ವರ್ಷದಲ್ಲಿ ಅವರನ್ನು ಕಂಡದ್ದು ಕ್ರಿಸ್ಮಸ್‌ನ ಹತ್ತು ಹತ್ತು ದಿನ. ಅದರಲ್ಲೂ ಮೊದಲ ನಾಲ್ಕು ದಿನ ನಿನ್ನ ಮನೆಯವು. ರೇಡಿಯೊದಲ್ಲಿ ಮಾತಾಡಿ ಮುಗಿಸಿ ಮನೆಗೆ ಬಂದಾಗ, ಅಲ್ಲಿ ಕೂತು ಕೇಳುವವಳು ಅವಳು, ಇಲ್ಲಿ ಒಬ್ಬಳೇ ಸೌದೆ ಸೀಳುವವಳು ನಾನು ಎಂದು ಎಷ್ಟು ಉರಿಯಿತು ಗೊತ್ತೇ? ಆ ನಗು ನನ್ನದಾಗಿತ್ತು. ನೋಡಿದವಳು ನೀನು. ಹೆಸರು ಬೇಕಾದರೆ ತೆಗೆದುಕೋ, ಒಲೆಗೆ ಸೆಮೆಯ ಮಗಳ ಒಲೆ ಎಂದೇ ನಾಳೆಯಿಂದ ಕೂಗುತ್ತೇನೆ. ಆ ಕೋಣೆಯಲ್ಲಿ ಮೂರು ತಿಂಗಳು ನನಗೆ ಕೊಡುತ್ತೀಯಾ?

ಕೊಡುವುದಿಲ್ಲ. ಗೊತ್ತು. ಅಲ್ಲೇ ಇರು. ನಾನು ಮೂರು ಕಲ್ಲಿನ ಮೇಲೆಯೇ ಬೇಯಿಸುತ್ತೇನೆ. ನನ್ನ ಹೆದರಿಕೆಯ ಹಗ್ಗ ನಿನ್ನ ಕೈಯಲ್ಲಿದೆ, ಎಳೆದು ನೋಡು ಎಷ್ಟು ದೂರ ಬರುತ್ತದೆ ಎಂದು.

ಅವಿತಿ


ನಕುರು
13 ಆಗಸ್ಟ್ 1989

ಅವಿತಿ,

'ನೀನು' ಎಂದು ಬರೆಯುವಷ್ಟು ದೊಡ್ಡವಳಾದೆ. ಸಂತೋಷ. ರೇಡಿಯೊದಲ್ಲಿ ಮಾತಾಡಿದವರೆಲ್ಲ ಹೀಗೇ ಇರಬೇಕು.

ಹೌದು, ನನ್ನ ಕಣ್ಣು ಕಾಣುತ್ತದೆ. ಜೂನ್ ಮೊದಲ ವಾರದಿಂದಲೇ ಕಾಣುತ್ತದೆ. ಬಾಗಿಲಲ್ಲಿ ನಿಂತು ಗೂಡ್ಸ್ ಡಬ್ಬಿಗಳ ಮೇಲಿನ ನಂಬರು ಓದುತ್ತೇನೆ. ಬರಬೇಕೆನ್ನಿಸಿದಾಗ ಬರುತ್ತೇನೆ. ಇನ್ನು ಕಾಗದ ಬರೆಯಬೇಡ.

ಅಗೋಲಾ


ಮಿಷನ್ ಆಸ್ಪತ್ರೆ
17 ಸೆಪ್ಟೆಂಬರ್ 1989

ಯಜಮಾನರಿಗೂ ಅಗೋಲಾ ಅವರಿಗೂ,

ಬರೆಯಬೇಡ ಎಂದಿದ್ದಿರಿ. ತಂದೆಗೆ ತಿಳಿಸುವುದು ನನ್ನ ಧರ್ಮ, ಅದಕ್ಕೆ ಬರೆಯುತ್ತಿದ್ದೇನೆ. ಅದೆರೊಳನ್ನು ಗುರುವಾರ ಇಲ್ಲಿ ಸೇರಿಸಿದೆ. ಎದೆಯಲ್ಲಿ ಕಫ ಗಟ್ಟಿಯಾಗಿದೆ. ಉಸಿರೆಳೆದರೆ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ. ಮೂಗಿಗೆ ಕೊಳವೆ ಹಾಕಿದ್ದಾರೆ. ಉಳಿಯುತ್ತಾಳೋ ಇಲ್ಲವೋ ಹೇಳಲು ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು.

"ಮನೇಲಿ ಯಾವ್ದ್ರ ಮೇಲೆ ಅಡ್ಗೆ ಮಾಡ್ತೀಯ?" ಎಂದು ಕೇಳಿದರು. ಮೂರು ಕಲ್ಲು ಎಂದೆ. ಅವರಿಗೆ ಸಿಟ್ಟು ಬಂತು. "ಇಲ್ಲೇ ನಮ್ ಅಡ್ಗೆ ಮನೇಲಿ ಅಲೆಗೊ ಮಗಳ ಒಲೆ ಇದೆ, ಹೋಗಿ ನೋಡು. ಅಂಥದ್ದೊಂದು ಮನೇಲಿ ಇಟ್ಕೋಬಾರ್ದಾ? ಬುದ್ಧಿ ಇಲ್ವಾ ನಿಂಗೆ?" ಎಂದರು. ನಾನು ಯಾರೆಂದು ಹೇಳಲಿಲ್ಲ. ಹೋಗಿ ನೋಡುತ್ತೇನೆ ಎಂದೆ.

ಹಸುವನ್ನು ಪಕ್ಕದವರು ಕರೆಯುತ್ತಿದ್ದಾರೆ. ನನಗಾಗಿ ಯಾರೂ ಬರಬೇಕಾಗಿಲ್ಲ.

ಅವಿತಿ


ಕೊಡೆರೊ
21 ಸೆಪ್ಟೆಂಬರ್ 1989

ಅವಿತಿ,

ನಾನು ಊರಿಗೆ ಬಂದಿದ್ದೇನೆ. ನಿನ್ನ ಕಾಗದವನ್ನು ಯಜಮಾನರು ಕೆಲಸದಿಂದ ಬಂದು ಗಟ್ಟಿಯಾಗಿ ಓದಿದರು. ಡಾಕ್ಟರಮ್ಮನ ಮಾತು ಬಂದ ಕಡೆ ನಿಲ್ಲಿಸಿ, "ಒಲೆ ಮಾಡಿದೋಳ ಮನೇಲಿ ಒಲೆ ಯಾಕಿಲ್ಲ?" ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಎದ್ದು ಹೋಗಿ ನನ್ನ ಬಟ್ಟೆಯ ಗಂಟನ್ನು ತಾವೇ ಕಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು. ಸಂಬಳದ ಮೇಲೆ ಸಾಲ ಎತ್ತಿ ಶನಿವಾರ ನಿನ್ನ ಹತ್ತಿರ ಬರುತ್ತಾರೆ. ಈ ಸಲ ನಿನ್ನ ಹತ್ತಿರವೇ ಬರುತ್ತಾರೆ.

ಬಸ್ಸು ಆಸ್ಪತ್ರೆಯ ಗೇಟಿನ ಮುಂದೆ ನಿಂತಿತ್ತು. ನಾನು ಇಳಿಯಲಿಲ್ಲ. ಗಂಟನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಬೇರೆ ಕಡೆ ನೋಡಿದೆ. ಯಾವ ಮುಖ ಹೊತ್ತು ಒಳಗೆ ಬರಲಿ? ಅದಕ್ಕೇ ಈ ಕಾಗದವನ್ನೂ ಪಾತ್ರೆಯನ್ನೂ ಪಕ್ಕದ ಮನೆಯವಳ ಕೈಯಲ್ಲಿ ಕೊಟ್ಟಿದ್ದೇನೆ. ಬೆಳಿಗ್ಗೆ ಮಗು ಕೊಳವೆ ಇಲ್ಲದೆ ಒಂದು ಗಂಟೆ ಮಲಗಿತ್ತು, ಎರಡು ಗುಟುಕು ನುಂಗಿತು ಎಂದು ಅವಳೇ ಬಂದು ಹೇಳಿದಳು. ಪಾತ್ರೆಯಲ್ಲಿರುವುದು ರಾಗಿ ಅಂಬಲಿ, ತೆಳ್ಳಗೆ ಮಾಡಿದ್ದೇನೆ.

ಅದನ್ನು ನಿನ್ನ ಮನೆಯ ಒಲೆಯ ಮೇಲೆ ಕಾಯಿಸಿದೆ.

ನಮ್ಮ ಅಂಗಳದ ಗೇಟಿನೊಳಗೆ ಬಂದವಳೇ ಸೀದಾ ನಿನ್ನ ಬಾಗಿಲಿಗೆ ಹೋದೆ. ಅತ್ತೆ ಅಂಗಳದಲ್ಲಿ ಕೂತಿದ್ದರು. "ದೊಡ್ಡೋಳೆ, ನಿನ್ ಮನೆ ಆ ಕಡೆ ಕಣೇ," ಎಂದರು. "ಗೊತ್ತು ಅತ್ತೆ," ಎಂದೆ. ಹಚ್ಚಿ ಹೊರಗೆ ಬಂದಾಗ ದೊಣ್ಣೆ ಹಿಡಿದು ನಿಂತಿದ್ದರು. "ದೊಡ್ಡೋಳು ಮೊದ್ಲು ಹಚ್ಬೇಕು ಅಂತ ತಾನೆ ಕಟ್ಟಳೆ? ಹಚ್ಚಿದೀನಿ. ಯಾರ ಮನೇಲಿ ಹಚ್ಬೇಕು ಅಂತ ಯಾರೂ ಹೇಳಿಲ್ಲ," ಎಂದೆ. ಅವರು ದೊಣ್ಣೆಯನ್ನು ನೆಲಕ್ಕೆ ಊರಿದರು. "ಈ ಬುದ್ಧಿ ಜೂನ್ ತಿಂಗ್ಳಲ್ಲಿ ಎಲ್ಲಿ ಹೋಗಿತ್ತು?" ಎಂದರು. ನನ್ನ ಮನೆಯದನ್ನು ಇನ್ನೂ ಹಚ್ಚಿಲ್ಲ.

ನಿನ್ನ ಒಲೆ ಚೆನ್ನಾಗಿದೆ. ಮಾಡಿನ ಜಂತಿ ಕೂತಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕು ಕಡ್ಡಿಯಲ್ಲಿ ಅಂಬಲಿ ಕುದಿಯಿತು. ಹಚ್ಚುವ ಮೊದಲು ಒಳಗೆ ಕೈಯಿಟ್ಟು ಗೋಡೆ ಸವರಿ ನೋಡಿದೆ, ತಪ್ಪು ಸಿಗಲಿ ಎಂದೇ ನೋಡಿದೆ, ಸಿಗಲಿಲ್ಲ. ನಮ್ಮ ಅಜ್ಜಿ ಯಾವತ್ತೂ ಒಡಕು ಮಡಕೆಯ ಪುಡಿ ಬೆರೆಸಿದವಳಲ್ಲ. ನಿನ್ನ ಕೈ ಮೇಲೆ ಹೊಡೆದದ್ದೂ ನನಗೆ ನೆನಪಿದೆ. ಇದು ನಿನ್ನದೇ ಒಲೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ಅದು ಇನ್ನು ನನ್ನ ಜೊತೆಯೇ ಸಾಯುತ್ತದೆ ಎಂದು ಕಾಣುತ್ತದೆ.

ಇನ್ನೊಂದು ಮಾತಿದೆ. ಅದನ್ನು ಹೇಳದೆ ಈ ಕಾಗದ ಮುಗಿಸುವಂತಿಲ್ಲ. ಒವಿನೊ ಹೋದ ದಿನ ನೀನು ದವಾಖಾನೆಯ ಹೊರಗೆ ಮಣ್ಣಿನಲ್ಲಿ ಬಿದ್ದಿದ್ದೆ. ಒಳಗೆ ಅವನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವಳು ನಾನು. ದಾದಿ ನನಗೆ ಹೇಳಿದಳು, "ಮಲೇರಿಯಾ ತಲೆಗೇರಿತ್ತಮ್ಮ. ಈ ವಾರ್ದಲ್ಲಿ ಇವ್ನು ನಾಲ್ಕನೇ ಮಗು. ತಾಯಿಗೆ ಹೇಳು, ಅವಳದೇನೂ ತಪ್ಪಿಲ್ಲ." ನಾನು ಹೊರಗೆ ಬಂದೆ. ಅಷ್ಟರಲ್ಲಿ ಹೆಂಗಸರು ಬಿತ್ತನೆಯ ಮಾತು ಎತ್ತಿಯಾಗಿತ್ತು, ಹಿರಿಯಳಿಗಿಂತ ಮೊದಲು ಬಿತ್ತಿದಳು, ಅದಕ್ಕೇ ಎಂದು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಅಂದಿನಿಂದ ನೀನು ನನ್ನ ಮಾತು ಮೀರಲಿಲ್ಲ. ನನಗೆ ಅದು ಹಿತವಾಗಿತ್ತು. ಐದು ವರ್ಷ ನೀನು ನನ್ನ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದೆ, ನಾನು ಒಮ್ಮೆಯೂ ತಿರುಗಿ ನಿಂತು ಹೇಳಲಿಲ್ಲ. ಈ ಮಳೆಗಾಲವಿಡೀ ಅದೇ ಹೆದರಿಕೆಯನ್ನು ಹಿಡಿದು ನಿನ್ನನ್ನು ಹೊಗೆಯಲ್ಲಿ ಕೂರಿಸಿದೆ, ಮಗುವನ್ನೂ ಕೂರಿಸಿದೆ.

ಇದನ್ನು ಓದಿದ ಮೇಲೆ ನನ್ನ ಮುಖ ನೋಡಬಾರದು ಎನ್ನಿಸಿದರೆ ನೋಡಬೇಡ. ಅದೆರೊಳನ್ನು ಮನೆಗೆ ಕರೆದುಕೊಂಡು ಬಾ, ನಾನು ಬೇಕಾದರೆ ಸೆಮೆಗೆ ನನ್ನ ಅಣ್ಣನ ಮನೆಗೆ ಹೋಗುತ್ತೇನೆ. ಆದರೆ ಈ ಒಂದು ಸಾಲನ್ನು ಎರಡು ಸಲ ಓದು. ನಿನ್ನ ಮಗನನ್ನು ನೀನು ಕೊಲ್ಲಲಿಲ್ಲ.

ಅಗೋಲಾ